ಗಡಿಯೂ ದೇಸಗತಿಯೂ

ಒಬ್ಬರು ನವಲಗುಂದ ಸೀಮೆಯ ದೇಸಾಯರ ಮನೆತನದವರು. ರೈಲ್ವೆಯಲ್ಲಿ ದುಡಿದು ಡೊಂಬಿವಲಿ ಪೂರ್ವದಲ್ಲಿ ನೆಲೆ ನಿಂತಿದ್ದಾರೆ. ಇನ್ನೊಬ್ಬರು ಕಾಪು ಕಡೆಯ ಒಂದು ಗುತ್ತಿನ ಮನೆಯವರು. ಠಾಣೆಯಲ್ಲಿ ಹೋಟೆಲು ನಡೆಸಿ ಈಗ ಗಲ್ಲಾ ಮಗನಿಗೆ ಬಿಟ್ಟುಕೊಟ್ಟಿದ್ದಾರೆ. ಮಾತಾಡುವವರನ್ನು ಇಲ್ಲಿ ಅವರಿರುವ ಊರಿನಿಂದಲೇ ಗುರುತಿಸಿದೆ.

ಠಾಣೆ: ಊರಿಂದ ಫೋನು ಬಂದಿತ್ತು ದೇಸಾಯರೆ. ದೊಡ್ಡ ಮಾವ ತೀರಿಹೋದ ಮೇಲೆ ನಮ್ಮ ಗುತ್ತಿನ ಗಡಿ ಖಾಲಿ ಉಂಟು. ದೈವದ ಬರುವ ನೇಮದೊಳಗೆ ನಾನು ಗಡಿ ಹಿಡೀಬೇಕು ಅಂತ ಕುಟುಂಬದವರು ಹೇಳ್ತಾರೆ. ಗಂಡಸರಲ್ಲಿ ಹಿರಿಯವ ಈಗ ನಾನೇ.

ಡೊಂಬಿವಲಿ: ಅಂದ್ರ ಪಟ್ಟ ಕಟ್ಟತಾರ! ಪೇಢೆ ಎಲ್ರಿ ಶೆಟ್ರ?

ಠಾಣೆ: ಪೇಢೆ ಆಮೇಲೆ ಮಾರಾಯ್ರೆ. ಒಪ್ಪುದಾ ಬೇಡವಾ ಅಂತಲೇ ತಲೆಬಿಸಿ.

ಡೊಂಬಿವಲಿ: ಹಂಗಾದ್ರ ಬುಡದಿಂದ ಹೇಳ್ರಿ. ಗಡಿ ಹಿಡದವಗ ಏನು ಸಿಗತೈತಿ, ಅಂವ ಏನು ಮಾಡಬೇಕು?

ಠಾಣೆ: ಸಿಗುದು ಒಂದು ಹೆಸರು. ಗುತ್ತು ಅಂದ್ರೆ ಹಿಂದೆ ಊರಿನ ಆಡಳಿತ, ನ್ಯಾಯ, ದೈವದ ಕಾರ್ಯ ಎಲ್ಲ ಯಾವ ಮನೆಯ ಚಾವಡಿಯಲ್ಲಿ ನಡೀತಿತ್ತೋ ಆ ಮನೆ. ಅದರ ಯಜಮಾನ ದೈವದ ಎದುರು, ಊರಿನ ಉಳಿದ ಗುತ್ತು ಬರ್ಕೆಯವರ ಸಮಕ್ಷಮದಲ್ಲಿ ಗಡಿ ಸ್ವೀಕರಿಸ್ತಾನೆ. ಮುಂಡಾಸು ಕಟ್ತಾರೆ, ಉಂಗುರ ತೊಡಿಸ್ತಾರೆ, ಮನೆತನದ ಗಡಿನಾಮ ಕೊಡ್ತಾರೆ. ಅಲ್ಲಿಂದ ಮೇಲೆ ನೇಮದ ರಾತ್ರಿ ದೈವ ಅವನನ್ನು ಕರೆಯುದು ಆ ಹೆಸರಿನಿಂದಲೇ. ಯಾರನ್ನು ಮೊದಲು ಕರೀಬೇಕು, ಯಾರನ್ನು ಆಮೇಲೆ ಅಂತ ಕ್ರಮ ಉಂಟು. ಕ್ರಮ ತಪ್ಪಿದ್ರೆ ಅಲ್ಲೇ ತಕರಾರು.

ಡೊಂಬಿವಲಿ: ತೀರಿಹೋದವರು ನಿಮ್ಮ ಅಪ್ಪನ ಅಣ್ಣನೇನ್ರಿ?

ಠಾಣೆ: ಅಲ್ಲ, ನನ್ನ ತಾಯಿಯ ಅಣ್ಣ. ನಮ್ಮದು ಅಳಿಯಸಂತಾನ ಅಲ್ವಾ? ಅಪ್ಪನ ಗುತ್ತು ಬೇರೆ, ಅದರ ಗಡಿಗೂ ನನಗೂ ಸಂಬಂಧ ಇಲ್ಲ. ನನ್ನ ಮಗನಿಗೂ ನಾನು ಹಿಡಿಯುವ ಗಡಿಗೂ ಸಂಬಂಧ ಇಲ್ಲ. ಅವ ತನ್ನ ತಾಯಿಯ ಮನೆಯವ. ನನ್ನ ನಂತರ ಬರುದು ನನ್ನ ಅಕ್ಕನ ಮಗ.

ಡೊಂಬಿವಲಿ: ಹೋಟೆಲ್ ಮಗಗ, ಗಡಿ ಅಳಿಯಗ! ಒಬ್ಬನ ಆಸ್ತಿ ಎರಡು ದಿಕ್ಕಿಗೆ ಹರೀತಲ್ರಿ.

ಠಾಣೆ: ಈಗ ಹಾಗೆ. ಮೊದಲು ಎರಡೂ ಅಳಿಯನ ಕಡೆಗೇ ಹೋಗ್ತಿತ್ತು. ಭೂತಾಳ ಪಾಂಡ್ಯನ ಕಥೆ ಕೇಳಿರಬಹುದು ನೀವು. ಹಡಗು ನೀರಿಗಿಳಿಯಲು ಕುಂಡೋದರ ಭೂತ ನರಬಲಿ ಕೇಳಿತಂತೆ. ಅರಸನ ಹೆಂಡತಿ ಮಕ್ಕಳನ್ನು ಕೊಡಲಿಕ್ಕೆ ಒಪ್ಪಲಿಲ್ಲ, ತಂಗಿ ಮುಂದೆ ಬಂದು ತನ್ನ ಮಗನನ್ನು ಒಪ್ಪಿಸಿದಳು. ಭೂತ ಮೆಚ್ಚಿ ಹುಡುಗನನ್ನು ಬಿಟ್ಟಿತು. ಅಂದಿನಿಂದ ಪಟ್ಟ ಅಳಿಯನಿಗೆ. ಇದನ್ನೇ ಅಳಿಯಕಟ್ಟು ಅಂತ ಬರೆದಿಟ್ಟ ಗ್ರಂಥವನ್ನು ಕೋರ್ಟಿನಲ್ಲೂ ಮುಂದಿಡ್ತಿದ್ರು. ಅದು ಹೇಳಿಕೊಳ್ಳುವಷ್ಟು ಹಳೆಯದಲ್ಲ ಅಂತ ಮದ್ರಾಸಿನ ನ್ಯಾಯಾಧೀಶರಿಗೇ 19ನೇ ಶತಮಾನದಲ್ಲಿ ಸಂಶಯ ಬಂದಿತ್ತು.

ಡೊಂಬಿವಲಿ: ಗ್ರಂಥ ಸುಳ್ಳಾದ್ರೂ ರೂಢಿ ಖರೇನ ಇತ್ತಲ್ಲ. ನಮ್ಮಲ್ಲಿ ತಿರುಗಾಮುರುಗಾ. ಕಾಗದ ಖರೇ, ರೂಢೀನ ಉಳೀಲಿಲ್ಲ. ನಮ್ಮ ಮುತ್ತ್ಯಾನ ಟ್ರಂಕಿನ್ಯಾಗ ಸನದು ಇತ್ತು, ಮೋಡಿ ಲಿಪಿ, ಮ್ಯಾಲೆ ಶಿಕ್ಕಾ. ಪರಗಣಾದ ಕಂದಾಯ ಕೂಡಿಸೋದು, ಹಳ್ಳಿ ಗೌಡ ಕುಲಕರ್ಣಿಗಳ ಮ್ಯಾಲೆ ಕಣ್ಣಿಡೋದು, ವ್ಯಾಳ್ಯಾ ಬಂದ್ರ ದಂಡು ಕಟ್ಟೋದು ದೇಸಾಯರ ಕೆಲಸ. ಅದಕ್ಕ ಪ್ರತಿಯಾಗಿ ವತನದ ಭೂಮಿ. ಬಿಜಾಪುರದ ಬಾದಶಹರ ಕಾಲದಾಗ ಇದ್ವು, ಪೇಶವೆ ಕಾಲದಾಗ ಇದ್ವು. 1818ಕ್ಕ ಇಂಗ್ಲಿಷರು ಬಂದ್ರು, ಅವರೂ ಒಮ್ಮೆಲೇ ಕಿತ್ತು ಒಗೀಲಿಲ್ಲ. ಕಾಗದ ತೋರಸ್ರಿ ಅಂದ್ರು.

ಠಾಣೆ: ಇನಾಂ ಕಮಿಷನ್ ಅದೇನಾ?

ಡೊಂಬಿವಲಿ: ಅದs ನೋಡ್ರಿ, 1852ರ ಕಾಯದೆ. ತಲತಲಾಂತರದಿಂದ ಉಣ್ಣಕೋತ ಬಂದವರು ಒಂದು ಚೀಟಿ ಇಲ್ಲಂತ ಭೂಮಿ ಕಳಕೊಂಡ್ರು. 1857–58ರಾಗ ನಮ್ಮ ಭಾಗ ಹೊತ್ತಿ ಉರಿಯಲಿಕ್ಕೆ ಆ ಸಿಟ್ಟೂ ಒಂದು ಕಾರಣ. ನರಗುಂದದ ಬಾಬಾಸಾಹೇಬ ಮಕ್ಕಳಿಲ್ದವ. ದತ್ತಕ ತಗೋತೀನಿ ಅಂದಾಗ ಸರಕಾರ ಒಪ್ಪಲಿಲ್ಲ. 1858ರ ಮೇ ತಿಂಗಳಾಗ ಅವನ ಮಂದಿ ಇಂಗ್ಲಿಷರ ಅಧಿಕಾರಿ ಮ್ಯಾನ್ಸನ್ ಸಾಹೇಬನ್ನ ಕಡದ್ರು. ಅದಕ್ಕೂ ಮೊದಲು ಕಿತ್ತೂರು. 1824ರ ಸೆಪ್ಟೆಂಬರಿನ್ಯಾಗ ಅಲ್ಲಿಯ ದೊರೆ ಶಿವಲಿಂಗರುದ್ರ ಸರ್ಜ ತೀರಿದ. ದತ್ತಕ ಹೋದ ಹುಡುಗನ್ನ ಧಾರವಾಡದ ಕಲೆಕ್ಟರ್ ಥ್ಯಾಕರೆ ಒಪ್ಪಲಿಲ್ಲ. ಅಕ್ಟೋಬರ್ 23ಕ್ಕ ಥ್ಯಾಕರೆ ಕಿತ್ತೂರ ಕೋಟೆ ಮುಂದ ಸತ್ತ. ಒಂದು ಹುಡುಗ ವಾರಸದಾರ ಹೌದೋ ಅಲ್ಲೋ ಅನ್ನೋ ಪ್ರಶ್ನೆಕ್ಕ ಎಷ್ಟು ರಕ್ತ ಹರೀತು ನೋಡ್ರಿ.

ಠಾಣೆ: ಮೈಸೂರಿನಲ್ಲಿ ರಕ್ತ ಹರಿಯದೆ ಆಯ್ತಲ್ಲ.

ಡೊಂಬಿವಲಿ: ಅಲ್ಲಿ ಮುಮ್ಮಡಿ ಕೃಷ್ಣರಾಜ ಒಡೆಯರು ಕಾಗದದಾಗ ಹೋರಾಡಿದ್ರು. 1865ಕ್ಕ ದತ್ತಕ ತಗೊಂಡ್ರು, ಅರ್ಜಿ ಮ್ಯಾಲೆ ಅರ್ಜಿ ಬರದು 1867ಕ್ಕ ಒಪ್ಪಿಗೆ ತಂದ್ರು, ಮರುವರ್ಷ ತೀರಿಹೋದ್ರು. 1857ರ ಹೊಡತ ತಿಂದಮ್ಯಾಲೆ ಇಂಗ್ಲಿಷರೂ ಶಾಣ್ಯಾ ಆಗಿದ್ರು. 1881ಕ್ಕ ರಾಜ್ಯ ಹೊಳ್ಳಿ ಬಂತು. ದತ್ತಕದ ದಾರಿ ಈಗಲೂ ಮುಚ್ಚಿಲ್ಲ. 2015ರಾಗ ಯದುವೀರರು ಬಂದದ್ದು ಅದೇ ದಾರಿಲೆ.

ಠಾಣೆ: ನಮಗೆ ದತ್ತಕದ ಗೊಡವೆ ಕಡಿಮೆ. ಗಂಡಿಗೆ ಮಕ್ಕಳಿಲ್ಲ ಅಂತ ಗಡಿ ನಿಲ್ಲುದಿಲ್ಲ. ಅಕ್ಕತಂಗಿಯರ ಸಂತಾನ ಇದ್ರೆ ಸಾಕು. ಹೆಣ್ಣು ಸಂತತಿಯೇ ಇಲ್ಲದಿದ್ದರೆ ಮಾತ್ರ ಆ ಕವರು, ಅಂದ್ರೆ ಕುಟುಂಬದ ಆ ಶಾಖೆ, ಅಲ್ಲಿಗೆ ಮುಗಿದ ಹಾಗೆ.

ಡೊಂಬಿವಲಿ: ಇದರಾಗ ನಾವೂ ನೀವೂ ಪೂರಾ ಎದುರಾಬದರು. 1886ರಾಗ ಮುಂಬಯಿ ಸರಕಾರ ವತನ ಕಾಯದೆಕ್ಕ ಒಂದು ತಿದ್ದುಪಡಿ ತಂತು. ವತನದಾರನ ವಿಧವೆಯನ್ನ ಬಿಟ್ರ, ಮನೆತನದ ಯಾವ ಹೆಣ್ಣಿಗೂ, ಹೆಣ್ಣಿನ ಕಡೆಯಿಂದ ಹಕ್ಕು ಕೇಳೋ ಯಾರಿಗೂ ವತನ ಕೂಡಲೇ ಬರಂಗಿಲ್ಲ. ಮನೆತನದಾಗ ಯೋಗ್ಯ ಗಂಡಸು ಒಬ್ಬನರ ಇರೋ ತನಕ ಅವರು ಸಾಲಿನ ತುದೀಗೆ. ಸ್ವಂತ ಮಗಳು ಎದುರಿಗೆ ಕುಂತಿರಲಿ, ಆಸ್ತಿ ದೂರದ ಭಾವಬಂದನ ಪಾಲು.

ಠಾಣೆ: ಅದೇ ಕಾಲದಲ್ಲಿ ಸಮುದ್ರದ ಬದಿಯಲ್ಲಿ ಮಗಳ ಮೂಲಕವೇ ಎಲ್ಲ ಹರಿಯುದು! ಒಂದೇ ಸರಕಾರ, ಎರಡು ಪ್ರಾಂತ, ಎರಡು ಬೇರೆ ನ್ಯಾಯ.

ಡೊಂಬಿವಲಿ: ಸರಕಾರಕ್ಕ ನ್ಯಾಯ ಎಲ್ಲೀದ್ರಿ? ಕಂದಾಯ ಯಾರು ಕಟ್ಟತಾರ, ಕೆಲಸ ಯಾರು ಮಾಡತಾರ ಅನ್ನೋದು ಅವರ ಲೆಕ್ಕ. ಅದರಾಗೂ ದೇಸಾಯರ ಕೆಲಸ 1864ಕ್ಕs ಮುಗದಿತ್ತು. ಗೋರ್ಡನ್ ಸೆಟಲ್‌ಮೆಂಟ್ ಅಂತ ಒಂದು ಒಪ್ಪಂದ ಆತು. ನೀವು ಚಾಕರಿ ಮಾಡೋದು ಬ್ಯಾಡ, ವರ್ಷಾ ಜೋಡಿ ಅಂತ ಇಷ್ಟು ಕಂದಾಯ ಕಟ್ರಿ, ವತನ ಉಣ್ರಿ ಅಂದ್ರು. ಕೆಲಸ ಹೋತು, ಭೂಮಿ ಉಳೀತು. ಸ್ವಾತಂತ್ರ್ಯ ಬಂದ ಮ್ಯಾಲೆ ಮುಂಬಯಿ ಸರಕಾರದ 1950ರ ಕಾಯದೆ, ಪರಗಣಾ ಮತ್ತ ಕುಲಕರ್ಣಿ ವತನ ರದ್ದು. 1951ರ ಮೇ ಒಂದಕ್ಕ ಅದು ಜಾರಿ ಆತು. ಹಿಡುವಳಿ ಬೆಲೆ ಕಟ್ಟಿದವರಿಗೆ ಭೂಮಿ ಹೊಳ್ಳಿ ಕೊಟ್ರು. ವತನ ಅನ್ನೋದು ಮಾತ್ರ ಸತ್ತುಹೋತು. ಉಳದದ್ದು ನನ್ನ ರೇಶನ್ ಕಾರ್ಡಿನ್ಯಾಗಿನ ಅಡ್ಡಹೆಸರು.

ಠಾಣೆ: ನಮ್ಮಲ್ಲಿ ಮೊದಲು ಮದ್ರಾಸಿನ 1949ರ ಅಳಿಯಸಂತಾನ ಕಾಯದೆ ಬಂತು. ಅದರಿಂದ ಕವರು ಕವರಾಗಿ ಪಾಲು ಕೇಳಲಿಕ್ಕೆ ದಾರಿ ಆಯ್ತು. ಮತ್ತೆ 1956ರ ಹಿಂದೂ ಉತ್ತರಾಧಿಕಾರ ಕಾಯದೆ ಬಂದು, ಸತ್ತವನ ಪಾಲು ಅವನ ಹೆಂಡತಿ ಮಕ್ಕಳಿಗೆ ಹೋಗುವ ಹಾಗೆ ಆಯ್ತು. ರಾಜ್ಯದ ಗಡಿಯಾಚೆ ಕಾಸರಗೋಡಿನಲ್ಲಿ ಕೇರಳದ ಕಾಯದೆ 1976ರ ಡಿಸೆಂಬರಿನಿಂದ ಅವಿಭಕ್ತ ಕುಟುಂಬವನ್ನೇ ತೆಗೆದುಹಾಕಿತು. ಈ ನಡುವೆ 1974ರ ಭೂಸುಧಾರಣೆ. ಗೇಣಿಗೆ ಕೊಟ್ಟ ಗದ್ದೆಯೆಲ್ಲ ಒಕ್ಕಲಿನವರಿಗೆ ಹೋಯ್ತು. ಅದು ತಪ್ಪು ಅಂತ ನಾನು ಹೇಳುದಿಲ್ಲ. ಬಿಸಿಲಿಗೆ ಬೆನ್ನು ಕೊಟ್ಟವರು ಅವರೇ. ಆದ್ರೆ ಗದ್ದೆ ಹೋದ ಮೇಲೆ ಗುತ್ತಿನ ಮಾಡು ಸೋರಲಿಕ್ಕೆ ಸುರುವಾಯ್ತು. ನಾವು ಹುಡುಗರು ಬೊಂಬಾಯಿ ಬಸ್ಸು ಹತ್ತಿದೆವು.

ಡೊಂಬಿವಲಿ: ಹಂಗಾದ್ರ ನಿಮ್ಮಲ್ಲೂ ಭೂಮಿ ಹೋತು, ಅಧಿಕಾರ ಹೋತು. ಆದ್ರ ಗಡಿ ಹೆಂಗ ಉಳೀತು?

ಠಾಣೆ: ನಾನೂ ಅದನ್ನೇ ಯೋಚಿಸ್ತಾ ಇದ್ದೆ. ನನ್ನ ಅಕ್ಕನ ಮಗ, ಅಂದ್ರೆ ನನ್ನ ನಂತರ ಗಡಿಗೆ ಬರಬೇಕಾದವ, ಈಗ ಮಾಲ್ಟಾದಲ್ಲಿ ಹೋಟೆಲಿನಲ್ಲಿ ಇದ್ದಾನೆ. ಮೆಡಿಟರೇನಿಯನ್ ಸಮುದ್ರದ ಒಂದು ದ್ವೀಪ, ನಮ್ಮ ಮುಂಬಯಿಯ ಅರ್ಧದಷ್ಟು. ಅಲ್ಲಿ ಬ್ಯಾರನ್, ಮಾರ್ಕ್ವಿಸ್ ಅಂತ ಹಳೇ ಪದವಿಯ ಮನೆತನಗಳು ಈಗಲೂ ಉಂಟಂತೆ. ಎಲ್ಲಕ್ಕಿಂತ ಹಳೆಯದು ದಿಯಾರ್ ಇಲ್-ಬ್ನಿಯೆತ್ ಎಂಬ ಜಾಗದ ಬ್ಯಾರನ್ ಪದವಿ. 1350ರಲ್ಲಿ ಸಿಸಿಲಿಯ ಅರಸ ಫ್ರಾಂಚೆಸ್ಕೊ ಗಾತ್ತೊ ಅನ್ನುವವನಿಗೆ ಕೊಟ್ಟದ್ದು. ಮುಂದೆ ಆ ಮನೆಯ ಹೆಣ್ಣುಮಗಳ ಮೂಲಕ ಇಂಗ್ವಾನೆಝ್ ಮನೆತನಕ್ಕೆ ಹೋಯ್ತು.

ಡೊಂಬಿವಲಿ: ಹೆಣ್ಣಿನ ಕಡೆಯಿಂದ? ಆಹಾ, ನಿಮ್ಮ ಬಳಗ ಸಿಕ್ತಲ್ರಿ!

ಠಾಣೆ: ಬಳಗ ಅಲ್ಲ. ಅಲ್ಲಿ ಹೆಣ್ಣಿಗೆ ಹೋಗುದು ಗಂಡು ಇಲ್ಲದಾಗ. ಅದಿರಲಿ, 1798ರಲ್ಲಿ ನೆಪೋಲಿಯನ್ ಬಂದು ಪದವಿಗಳನ್ನೆಲ್ಲ ರದ್ದು ಮಾಡಿದ. ಮತ್ತೆ ಬಂದ ಬ್ರಿಟಿಷರು ಏನು ಮಾಡಿದ್ರು ಗೊತ್ತುಂಟಾ? ಒಂದು ಕಮಿಷನ್ ಕೂರಿಸಿ, ಯಾರ ಪದವಿ ಅಸಲು, ಯಾರದ್ದು ನಕಲು ಅಂತ ಕಾಗದ ಪರೀಕ್ಷೆ ಮಾಡಿದ್ರು. ಅದರ ವರದಿ ಬಂದದ್ದು 1878ರಲ್ಲಿ.

ಡೊಂಬಿವಲಿ: ಇನಾಂ ಕಮಿಷನ್ನಿನ ತಮ್ಮ!

ಠಾಣೆ: ಅಲ್ವಾ? 1975ರಲ್ಲಿ ಸ್ವತಂತ್ರ ಮಾಲ್ಟಾದ ಸರಕಾರ ಇನ್ನು ಮುಂದೆ ಯಾವ ಪದವಿಯನ್ನೂ ಮಾನ್ಯ ಮಾಡುದಿಲ್ಲ ಅಂತ ಕಾಯದೆ ಮಾಡಿತು. ಆದ್ರೂ ಆ ಮನೆತನಗಳು ತಮ್ಮದೇ ಸಮಿತಿ ಇಟ್ಟುಕೊಂಡು, ಯಾರ ನಂತರ ಯಾರು ಅಂತ ಪಟ್ಟಿ ಬರೆದುಕೊಂಡು ಬಂದಿವೆ. ಸರಕಾರ ಕರೀದಿದ್ರೂ ತಮ್ಮತಮ್ಮೊಳಗೆ ಬ್ಯಾರನ್ ಅಂತ ಕರ್ಕೊಳ್ತಾರೆ.

ಡೊಂಬಿವಲಿ: ನಮ್ಮ ಸಂವಿಧಾನದ 18ನೇ ವಿಧಿಯೂ ಹಂಗs. ಸರಕಾರ ಬಿರುದು ಕೊಡಬಾರದು ಅಂತೈತಿ. 1971ರ 26ನೇ ತಿದ್ದುಪಡಿಯೊಳಗ ರಾಜರ ಮಾನ್ಯತೆ, ರಾಜಧನ ಎರಡೂ ಹೋದವು. ಆದ್ರ ಜಮಖಂಡಿ, ಸಂಡೂರಿನ ಕಡೆ ಮಂದಿ ಬಾಯಾಗ ಇನ್ನೂ ರಾಜಾಸಾಹೇಬರು ಅದಾರ. ಇನ್ನೊಂದು ಮಾತು ಹೇಳ್ತೀನಿ, ನಿಮ್ಮ ಠಾಣೆದs. ಸಾವಿರ ವರ್ಷದ ಹಿಂದ ಅಲ್ಲಿ ಆಳಿದವರು ಶಿಲಾಹಾರರು. ಅವರ ಶಾಸನದಾಗ ಕನ್ನಡದ ಬಿರುದುಗಳು ಅದಾವ ಗೊತ್ತೇನು? ಅವರ ದೊಡ್ಡ ಬಿರುದು ಮಾತ್ರ ತಗರಪುರದ ಒಡೆಯರು ಅಂತ. ತಗರ ಅಂದ್ರ ಈಗಿನ ಧಾರಾಶಿವ ಜಿಲ್ಲಾದ ತೇರ. ಕುಂತಿದ್ದು ಠಾಣೆಯ ಖಾಡಿ ದಂಡಿಮ್ಯಾಲೆ, ಒಡೆತನ ಹೇಳ್ಕೊಂಡಿದ್ದು ಘಟ್ಟದ ಮ್ಯಾಲಿನ ಊರಿಂದು. ಆ ಊರು ಆಗ ಅವರ ಕೈಯಾಗ ಇರಲಿಲ್ಲ.

ಠಾಣೆ: ಅಂಬರನಾಥದ ದೇವಸ್ಥಾನ ಕಟ್ಟಿಸಿದ್ದು ಅವರೇ ಅಲ್ವಾ?

ಡೊಂಬಿವಲಿ: ಅವರ. ಶಕ 982, ಅಂದ್ರ 1060ರ ಶಾಸನ ಮುಮ್ಮುಣಿ ರಾಜನ ಕಾಲದ್ದು. ಅಲ್ಲಿ ಪಟ್ಟ ಬಂದ ದಾರಿನೂ ನೋಡ್ರಿ. ಚಿತ್ತರಾಜ, ಅವನ ತಮ್ಮ ನಾಗಾರ್ಜುನ, ಅವನ ತಮ್ಮ ಮುಮ್ಮುಣಿ. ಕಡೀಗೆ ನಾಗಾರ್ಜುನನ ಮಗ ಅನಂತದೇವ. ಮಗಗ ಹೋಗೋದು, ತಮ್ಮಗ ಹೋಗೋದು, ಎರಡೂ ಒಂದೇ ಮನ್ಯಾಗ ಇದ್ವು. ಸವದತ್ತಿಯ ರಟ್ಟರು ತಾವು ಲಾತೂರಿನ ಒಡೆಯರು ಅಂತಿದ್ರು, ಗೋವೆಯ ಕದಂಬರು ಬನವಾಸಿಯ ಒಡೆಯರು ಅಂತಿದ್ರು. ಊರು ಬಿಟ್ಟು ಬಂದವರು ಊರ ಹೆಸರು ಬಿಡಲಿಲ್ಲ. ಡೊಂಬಿವಲ್ಯಾಗ ಕುಂತು ನಾವು ನವಲಗುಂದದವರು ಅನ್ನೋ ನನಗೂ ಅವರಿಗೂ ಏನು ಫರಕು?

ಠಾಣೆ: ಫರಕು ಉಂಟು. ಅವರ ಬಿರುದನ್ನು ಆಸ್ಥಾನದವರು ಗಟ್ಟಿಯಾಗಿ ಓದ್ತಿದ್ರು. ನಿಮ್ಮ ದೇಸಗತಿಯನ್ನು ಈಗ ಓದಿ ಹೇಳುವವರು ಯಾರು?

ಡೊಂಬಿವಲಿ: ಯಾರೂ ಇಲ್ರಿ. ಬೇರ ಅಲ್ಲೇ ಐತಿ ಅನಸ್ತದ. ನಮ್ಮ ಪದವಿ ಸರಕಾರ ಕೊಟ್ಟದ್ದು, ಕಾಗದದ ಮ್ಯಾಲೆ. ಇನ್ನೊಂದು ಸರಕಾರ ಇನ್ನೊಂದು ಕಾಗದ ಬರದು ತಗೊಂಡುಹೋತು. ನಿಮ್ಮ ಗಡಿ ಯಾವ ಸರಕಾರವೂ ಕೊಟ್ಟಿದ್ದಲ್ಲ. ಅದಕ್ಕ ಯಾವ ಕಾಯದೆಕ್ಕೂ ಅದನ್ನ ತಗೊಳ್ಳಾಕ ಆಗಿಲ್ಲ. 1956ರ ಕಾಯದೆ ನಿಮ್ಮ ಗದ್ದಿ ಲೆಕ್ಕಾ ಮಾಡಿತು, ನೇಮದ ರಾತ್ರಿ ಕರೆಯೋ ಹೆಸರಿನ ಲೆಕ್ಕಾ ಅದರ ಪುಸ್ತಕದಾಗ ಇಲ್ಲ.

ಠಾಣೆ: ಬೀಡುಗಳಲ್ಲೂ, ಅಂದ್ರೆ ಹಳೇ ಅರಸು ಮನೆಗಳಲ್ಲೂ, ಹಾಗೇ. ವೇಣೂರಿನ ಬಾಹುಬಲಿಯನ್ನು 1604ರಲ್ಲಿ ನಿಲ್ಲಿಸಿದ್ದು ತಿಮ್ಮಣ್ಣ ಅಜಿಲ. ಅಜಿಲರ ರಾಜ್ಯ ಹೋಗಿ ಎಷ್ಟೋ ಕಾಲ ಆಯ್ತು. ಆದ್ರೂ ಅಳದಂಗಡಿ ಅರಮನೆಯಲ್ಲಿ ಅಜಿಲರು ಇದ್ದಾರೆ, ವೇಣೂರಿನ ಮಸ್ತಕಾಭಿಷೇಕದಲ್ಲಿ ಅವರಿಗೆ ಮರ್ಯಾದೆ ಉಂಟು. ಮಾಡಲಿಕ್ಕೆ ಒಂದು ಕೆಲಸ ಇರುವಷ್ಟು ದಿನ ಹೆಸರು ನಿಲ್ತದೆ. ನಿಮ್ಮಲ್ಲಿ 1864ಕ್ಕೇ ಕೆಲಸ ಹೋಯ್ತು ಅಂದ್ರಿ. ನನಗೆ ಕಾಣುದು, ದೇಸಗತಿ ಮುಗಿದದ್ದು ಆಗಲೇ, 1951ರಲ್ಲಿ ಅಲ್ಲ.

ಡೊಂಬಿವಲಿ: ಮಾತು ಕಹಿ, ಆದ್ರ ಖರೆ. ಆದ್ರೂ ಒಬ್ಬರ ಹೆಸರು ಹೇಳದ ಬಿಡಂಗಿಲ್ಲ ನಾ. ಶಿರಸಂಗಿ ಲಿಂಗರಾಜ ದೇಸಾಯರು. ಹುಟ್ಟಿದ್ದು 1861, ಶಿಗ್ಲಿ ಊರಾಗ, ಬ್ಯಾರೆ ಮನ್ಯಾಗ. ನವಲಗುಂದ–ಶಿರಸಂಗಿ ಸಂಸ್ಥಾನಕ್ಕ ದತ್ತಕ ಬಂದ್ರು. ಮುಂದ ಅವರಿಗೂ ಮಕ್ಕಳಾಗಲಿಲ್ಲ. ಮತ್ತೊಂದು ಹುಡುಗನ್ನ ತಂದು ಕುಂಡ್ರಸಬಹುದಾಗಿತ್ತು. ಮೃತ್ಯುಪತ್ರ ಬರದು ಇಡೀ ಆಸ್ತಿ ಹುಡುಗರ ವಿದ್ಯಾಭ್ಯಾಸಕ್ಕ ಇಟ್ಟು 1906ಕ್ಕ ತೀರಿಹೋದ್ರು. 1904ರಾಗ ಧಾರವಾಡದ ಮೊದಲನೇ ವೀರಶೈವ ಮಹಾಸಭಾದ ಅಧ್ಯಕ್ಷರು ಅವರ. ಬೆಳಗಾಂವಿಯ ಲಿಂಗರಾಜ ಕಾಲೇಜು ಅವರ ಹೆಸರಿನ್ಯಾಗ 1933ಕ್ಕ ಸುರು ಆತು. ನಮ್ಮ ಸೀಮ್ಯಾಗ ಇದ್ದ ಎಷ್ಟೋ ದೇಸಾಯರ ಹೆಸರು ಮೊಮ್ಮಕ್ಕಳಿಗೆ ನೆನಪಿಲ್ಲ, ಮಕ್ಕಳಿಲ್ದ ಲಿಂಗರಾಜರ ಹೆಸರು ಎಲ್ಲಾರಿಗೂ ಗೊತ್ತು. ವಾರಸದಾರ ಅಂದ್ರ ಹೊಟ್ಯಾಗ ಹುಟ್ಟಿದವನs ಆಗಬೇಕಂತ ಇಲ್ಲ. ಯಾರಿಗೆ ಕೊಡಬೇಕು ಅಂತ ಅವರು ತಮ್ಮ ತಲಿಲೆ ಆರಿಸಿದ್ರು.

ಠಾಣೆ: ಆರಿಸುದು! ನನ್ನ ಅಕ್ಕನ ಮಗಳು, ಐರೋಲಿಯಲ್ಲಿ ಕಂಪ್ಯೂಟರ್ ಕಂಪೆನಿಯಲ್ಲಿ ಇರುವವಳು, ಆ ಮಾಲ್ಟಾದವನ ಅಕ್ಕ, ಅವಳೂ ಅದನ್ನೇ ಹೇಳುದು. ನಮ್ಮ ಕುಟುಂಬದ ಕವರುಗಳ ವಂಶವೃಕ್ಷ ಬರೆದವಳೇ ಅವಳು. ಫೋನು ಬಂದ ದಿನ ಕೇಳಿದಳು: ಮಾವ, ಗುತ್ತು ಮುಂದುವರಿಯುದು ನನ್ನ ಮಕ್ಕಳಿಂದ. ನನ್ನ ತಮ್ಮನ ಮಕ್ಕಳಿಂದ ಅಲ್ಲ. ಹಾಗಿರುವಾಗ ಗಡಿ ಮಾತ್ರ ಯಾಕೆ ಅವನಿಗೆ?

ಡೊಂಬಿವಲಿ: ಏನು ಉತ್ತರ ಕೊಟ್ರಿ?

ಠಾಣೆ: ಸಂಪ್ರದಾಯ ಅಂತ ಹೇಳಿ ತಪ್ಪಿಸಿಕೊಂಡೆ. ಮತ್ತೆ ಯೋಚಿಸಿದೆ. ಅಳಿಯಸಂತಾನದಲ್ಲಿ ಮನೆಯ ಯಜಮಾನಿಕೆ ಹೆಂಗಸಿಗೂ ಬರ್ತಿತ್ತು. ಯಜಮಾನ್ತಿ ಅಂತ ಮದ್ರಾಸಿನ ಕಾಯದೆಯಲ್ಲೇ ಉಂಟು. ಅರಸು ಮನೆಗಳನ್ನು ನೋಡಿದ್ರೆ, 13ನೇ ಶತಮಾನದ ಕೊನೆಗೆ ಬಾರ್ಕೂರಿನಲ್ಲಿ ಆಳುಪರ ಬಲ್ಲಮಹಾದೇವಿ ಆಳಿದಳು. ಉಳ್ಳಾಲದ ಚೌಟ ಅರಸು ಮನೆಯ ಅಬ್ಬಕ್ಕ ಮಾವನ ನಂತರ ಪಟ್ಟಕ್ಕೆ ಬಂದು ಪೋರ್ಚುಗೀಸರ ಹತ್ತಿರ ಯುದ್ಧ ಮಾಡಿದಳು. 1623ರಲ್ಲಿ ಇಟಲಿಯ ಪಿಯೆತ್ರೊ ದೆಲ್ಲಾ ವಾಲ್ಲೆ ಬಂದಾಗಲೂ ಉಳ್ಳಾಲಕ್ಕೆ ರಾಣಿಯೇ. ಸಿಂಹಾಸನಕ್ಕೆ ಆಗುವ ಹೆಂಗಸು ಗಡಿಗೆ ಆಗುದಿಲ್ಲ ಅಂದ್ರೆ ಅದು ಹಳೇ ಕಟ್ಟಾ, ನಡುವೆ ಬಂದ ಅಭ್ಯಾಸವಾ?

ಡೊಂಬಿವಲಿ: ಈ ಪ್ರಶ್ನಾ ಕುಟುಂಬದ ಮುಂದ ಇಡ್ರಲಾ.

ಠಾಣೆ: ಇಟ್ರೆ ದೈವದ ಹತ್ತಿರ ಕೇಳುವ ಅಂತಾರೆ. ಕೇಳಲಿ. ಆದ್ರೆ ಗಂಡಸು ಅನ್ನುದಕ್ಕಿಂತ ದೊಡ್ಡ ಪ್ರಶ್ನೆ ಇನ್ನೊಂದು ಉಂಟು. ನಾನು ಠಾಣೆಯಲ್ಲಿ, ನನ್ನ ನಂತರದವ ಮಾಲ್ಟಾದಲ್ಲಿ. ಸಂಕ್ರಮಣದ ತಂಬಿಲಕ್ಕೆ ದೀಪ ಇಡುವವ ಯಾರು? ವರ್ಷಕ್ಕೊಮ್ಮೆ ಮತ್ಸ್ಯಗಂಧ ರೈಲಿನಲ್ಲಿ ಹೋಗಿ, ಮುಂಡಾಸು ಸುತ್ತಿ, ಫೋಟೋ ತೆಗೆಸಿ ಬರುದು ಗಡಿ ಅಲ್ಲ.

ಡೊಂಬಿವಲಿ: ಆದ್ರ ಮಾಡು ರಿಪೇರಿ ಮಾಡಿಸಿದ್ದು ಈ ಮತ್ಸ್ಯಗಂಧದ ಮಂದೀನ ಅಲ್ಲೇನು?

ಠಾಣೆ: ಹೌದು, ಜೀರ್ಣೋದ್ಧಾರಕ್ಕೆ ಹೆಚ್ಚಿನ ಹಣ ಹೋದದ್ದು ಇಲ್ಲಿಂದಲೇ. ಠಾಣೆ, ಡೊಂಬಿವಲಿ, ಜೂಯಿನಗರದಿಂದ. ಆದ್ರೆ ಹಣ ಕೊಟ್ಟವನೇ ಗಡಿಯವ ಅಂತಾದ್ರೆ ಅದು ಹರಾಜು. ಹಿರಿತನದ ಕಟ್ಟು ಇರುದು ಅದಕ್ಕೇ. ದುಡ್ಡಿದ್ದವ ದಾಟಿ ಬರಬಾರದು ಅಂತ.

ಡೊಂಬಿವಲಿ: ಹಿರಿತನ ದುಡ್ಡನ್ನ ತಡೀತೈತಿ, ಒಪ್ಪತೀನಿ. ದೂರ ಇದ್ದವನನ್ನ ತಡಿಯಂಗಿಲ್ಲ. ನಮ್ಮ ಪೈಕಿ ಎಷ್ಟೋ ದೇಸಾಯರು ಪುಣೆ, ಧಾರವಾಡದಾಗ ಕುಂತು ವತನ ಉಂಡ್ರು. ವತನ ರದ್ದಾದಾಗ ಹಳ್ಳ್ಯಾಗ ಒಬ್ಬರೂ ಅಳಲಿಲ್ಲ. ಯಾಕ ಅಳಬೇಕು? ಅವರು ದೇಸಾಯರ ಮಾರಿ ನೋಡಿದ್ದs ಇಲ್ಲ.

ಠಾಣೆ: ಹಾಗಾದ್ರೆ ಬೇಡ ಅನ್ಲಾ?

ಡೊಂಬಿವಲಿ: ಬ್ಯಾಡ ಅನಬ್ಯಾಡ್ರಿ. ಹೋಟೆಲ್ ಮಗನ ಕೈಗೆ ಕೊಟ್ಟೀರಿ, ಇಲ್ಲಿ ನಿಮ್ಮನ್ನ ಹಿಡದಿಟ್ಟದ್ದು ಏನೂ ಇಲ್ಲ. ಕುಟುಂಬದವರಿಗೆ ಷರತ್ತು ಹೇಳ್ರಿ. ವರ್ಷದಾಗ ಇಷ್ಟು ತಿಂಗಳು ಗುತ್ತಿನ್ಯಾಗ ಇರ್ತೀನಿ ಅಂತ ನಿಮ್ಮ ಬಾಯಿಲೆ ಹೇಳ್ರಿ. ಆಗದಿದ್ರ ಸಾಲಿನ್ಯಾಗ ನಿಮ್ಮ ಕೆಳಗಿನವಗ ಬಿಟ್ಟು ಕೊಡ್ರಿ. ಕೈಲಾಗದ ಕೆಲಸದ ಹೆಸರು ಮಾತ್ರ ಹೊರಬ್ಯಾಡ್ರಿ.

ಠಾಣೆ: ನೇಮಗಳೆಲ್ಲ ಪತ್ತನಾಜೆಗೆ ಮುಗೀತವೆ, ಮೇ ಕೊನೆಯ ಹೊತ್ತಿಗೆ. ದೀಪಾವಳಿಯಿಂದ ಅಲ್ಲಿವರೆಗೆ ಊರಿನಲ್ಲಿ, ಮಳೆಗಾಲ ಇಲ್ಲಿ. ಅಷ್ಟು ಹೇಳಬಹುದು. ಇನ್ನೊಂದು ಷರತ್ತು ನನ್ನದು. ಮುಂದಿನವ ಮಾಲ್ಟಾದಿಂದ ಹಿಂದೆ ಬಾರದಿದ್ದರೆ ಅವನ ಅಕ್ಕನ ಹೆಸರನ್ನು ದೈವದ ಮುಂದೆ ಕೇಳಬೇಕು. ಅದನ್ನು ನಾನು ಗಡಿ ಹಿಡಿಯುವ ಮೊದಲೇ ಒಪ್ಪಬೇಕು, ಆಮೇಲೆ ಅಲ್ಲ.

ಡೊಂಬಿವಲಿ: ಒಪ್ಪದಿದ್ರ?

ಠಾಣೆ: ಒಪ್ಪದಿದ್ರೆ ನನಗಿಂತ ಕಿರಿಯವ ಒಬ್ಬ ಊರಿನಲ್ಲೇ ಗದ್ದೆ ಮಾಡಿಕೊಂಡು ಇದ್ದಾನೆ, ಅವ ಹಿಡೀಲಿ. ನಾನು ಕೆಳಗೆ ಚಾಪೆಯಲ್ಲಿ ಕೂತು ನೇಮ ನೋಡ್ತೇನೆ. ಅದರಲ್ಲಿ ನನಗೇನೂ ಅವಮಾನ ಇಲ್ಲ.